ನಲ್ಲಿಗೆ ಆರತಿ ಎತ್ತುವ ಜಯದೇವಿ

ಬೆಳಗಿನ ಐದೂಕಾಲು. ಗೋವಿಂದರಾಜನಗರದ ಅಡ್ಡರಸ್ತೆಯೊಂದಕ್ಕೆ ನೀರು ಬಿಟ್ಟು ಹತ್ತು ನಿಮಿಷವಾಗಿದೆ. ಸಂಪುಗಳೊಳಗೆ ನೀರು ಬೀಳುವ ಸದ್ದು ಬೀದಿಯುದ್ದಕ್ಕೂ ಕೇಳಿಸುತ್ತಿದೆ. ಗೇಟಿಗೆ ಹಾಲಿನ ಚೀಲ ನೇತುಹಾಕಿದ ಮನೆಯೊಂದರ ಮುಂದೆ, ಮೀಟರಿನ ಪಕ್ಕದ ಹಿತ್ತಾಳೆ ನಲ್ಲಿಯ ಎದುರು ಜಯದೇವಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎರಡು ನಿಮಿಷ ನೀರು ಹರಿಯಬಿಟ್ಟು ನಲ್ಲಿ ನಿಲ್ಲಿಸುತ್ತಾರೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಚಿಮಟದಲ್ಲಿ ಹಿಡಿದು ಕಡ್ಡಿ ಗೀರುತ್ತಾರೆ. ನೀಲಿ ಉರಿಯನ್ನು ನಲ್ಲಿಯ ಬಾಯಿಯ ಸುತ್ತ ನಿಧಾನವಾಗಿ ತಿರುಗಿಸುತ್ತಾರೆ.

"ಬಂದ್ಲಪ್ಪಾ ನಲ್ಲಿಗೆ ಆರತಿ ಎತ್ತೋಳು," ಎಂದು ಎದುರು ಮನೆಯ ವಿಮಲಮ್ಮ ರಂಗೋಲಿ ಡಬ್ಬಿ ಹಿಡಿದುಕೊಂಡೇ ನಗುತ್ತಾರೆ. "ಒಳ್ಳೇದಾಗ್ಲಿ ಅಂತ ಹಾರೈಸ್ಬಿಡಿ ಅಮ್ಮ," ಎನ್ನುತ್ತಾರೆ ಜಯದೇವಿ, ತಲೆ ಎತ್ತದೆ.

ನಲ್ಲಿಯ ತುದಿಯಲ್ಲಿ ಅಂಟಿರುವ ಕ್ರಿಮಿ ಸತ್ತರೆ ಪರೀಕ್ಷೆಯ ಬಾಟಲಿಗೆ ಬೀಳುವುದು ಪೈಪಿನೊಳಗಿನ ನೀರಷ್ಟೇ. ಆರತಿಯ ಗುಟ್ಟು ಇಷ್ಟು. ಬಾಟಲಿ ಹೆಗಲಿನ ಐಸ್ ಪೆಟ್ಟಿಗೆಗೆ ಹೋಗುತ್ತದೆ. ಬಳಿಕ ಗಾಜಿನ ಕೊಳವೆಗೆ ಒಂದಿಷ್ಟು ನೀರು ಹಿಡಿದು, ಅದಕ್ಕೆ ಐದು ಹನಿ ದ್ರಾವಣ ಬಿಟ್ಟು, ಬೀದಿದೀಪದ ಬೆಳಕಿಗೆ ಎತ್ತಿ ನೋಡುತ್ತಾರೆ. ನೀರು ನಿಂಬೆ ಪಾನಕದ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಇದೆ, ಕುಡಿಯಬಹುದು. ತಿರುಗದಿದ್ದರೆ ಏನೋ ಕೆಟ್ಟಿದೆ. ಇಂದು ಹಳದಿ ಬಂದಿದೆ. "0.2" ಎಂದು ಕ್ಲೋರಿನ್ ಪ್ರಮಾಣವನ್ನು ಹಾಳೆಯಲ್ಲಿ ಬರೆದು ಎದ್ದು, ಮುಂದಿನ ರಸ್ತೆಯತ್ತ ನಡೆಯುತ್ತಾರೆ.

ದಿನಕ್ಕೆ ಇಪ್ಪತ್ತೆರಡು ನಲ್ಲಿ, ವಾರಕ್ಕೆ ಆರು ದಿನ. ಗೋವಿಂದರಾಜನಗರ, ವಿಜಯನಗರ, ಆರ್‌ಪಿಸಿ ಲೇಔಟ್ ಸುತ್ತಿ, ಹತ್ತೂವರೆಯೊಳಗೆ ಬಾಟಲಿಗಳನ್ನು ಲ್ಯಾಬಿಗೆ ಮುಟ್ಟಿಸಬೇಕು. ನಡಿಗೆಯೇ ಎಂಟು ಕಿಲೋಮೀಟರ್ ಆಗುತ್ತದೆ. ತುಂಬಿದ ಪೆಟ್ಟಿಗೆಯ ತೂಕ ಒಂಬತ್ತು ಕಿಲೋ. ಐವತ್ತೆರಡು ವರ್ಷದ ಹೆಂಗಸಿನ ಬಲಹೆಗಲು ಎಡಹೆಗಲಿಗಿಂತ ಒಂದಂಗುಲ ಕೆಳಗಿಳಿದಿದೆ. ಈ ಬಡಾವಣೆಗಳಲ್ಲಿ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವ ಸಾವಿರಾರು ಜನರಲ್ಲಿ ಈಕೆಯ ಹೆಸರು ಬಲ್ಲವರು ಹತ್ತು ಮಂದಿ ಸಿಕ್ಕರೆ ಹೆಚ್ಚು. ಇವರ ಕೆಲಸವನ್ನು ಗುತ್ತಿಗೆ ಹಿಡಿದಿರುವ ಸ್ಫಟಿಕ ಸರ್ವಿಸಸ್ ಎಂಬ ಸಂಸ್ಥೆಗೂ ಆ ಹೆಸರು ನೆನಪಾಗುವುದು ಯಾರನ್ನಾದರೂ ಹೊಣೆ ಮಾಡಬೇಕಾದಾಗ ಮಾತ್ರ. ಕಳೆದ ವರ್ಷ ಆದದ್ದೂ ಅದೇ.

ಆ ಕಥೆಗೆ ಮೊದಲು, ಈ ಹೆಂಗಸು ನೀರಿನ ವಿಷಯದಲ್ಲಿ ಇಷ್ಟೊಂದು ಹಟಮಾರಿಯಾದದ್ದು ಎಲ್ಲಿ ಎಂಬುದನ್ನು ಹೇಳಬೇಕು.

ಜಯದೇವಿ ಹುಟ್ಟಿದ್ದು ಭಿಲಾಯಿಯಲ್ಲಿ. ತಂದೆ ಶಂಭುಲಿಂಗಪ್ಪ ಕೊಟ್ಟೂರು ಕಡೆಯವರು. ಅರವತ್ತರ ದಶಕದ ಆರಂಭದಲ್ಲಿ, ಎಲ್ಲೋ ಉಕ್ಕಿನ ಕಾರ್ಖಾನೆ ಎದ್ದಿದೆ, ಜನ ಬೇಕಂತೆ ಎಂಬ ಮಾತು ಕೇಳಿ, ಹಿಂದಿಯ ಒಂದಕ್ಷರ ಬಾರದೆ ರೈಲು ಹತ್ತಿದವರು. ಬಯಲಿನಲ್ಲಿ ನಕ್ಷೆ ಹಾಸಿ ಕಟ್ಟಿದ ಊರದು. ಸೆಕ್ಟರಿಗೊಂದು ಶಾಲೆ, ಒಂದು ಮಾರುಕಟ್ಟೆ, ಒಂದು ದವಾಖಾನೆ. ಅಳತೆ ಹಿಡಿದು ಎಳೆದ ರಸ್ತೆಗಳು, ಎರಡೂ ಬದಿ ಮರ. ಕೆಲವು ಸಂಜೆ ಕಾರ್ಖಾನೆಯಲ್ಲಿ ಕುದಿಯುವ ಕಿಟ್ಟ, ಅಂದರೆ ಕುಲುಮೆಯ ಕಸ, ಸುರಿದಾಗ ಒಂದು ಕಡೆಯ ಆಕಾಶ ಕೆಂಪಗಾಗುತ್ತಿತ್ತು, ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದರು. ಓಣಿಯಲ್ಲಿ ತೆಲುಗರು, ಮಲಯಾಳಿಗಳು, ಬಂಗಾಳಿಗಳು, ಪಂಜಾಬಿಗಳು. ಮನೆಯೊಳಗೆ ಮಾತ್ರ ಕೊಟ್ಟೂರಿನ ಕನ್ನಡ.

ಶಂಭುಲಿಂಗಪ್ಪನವರಿಗೆ ಸಿಕ್ಕಿದ್ದು ಊರಿಗೆ ನೀರು ಶುದ್ಧ ಮಾಡಿ ಕೊಡುವ ಘಟಕದಲ್ಲಿ ಕೆಲಸ. "ನಮ್ಮಪ್ಪ ಉಕ್ಕನ್ನ ಕೈಯಲ್ಲಿ ಮುಟ್ದೋರೇ ಅಲ್ಲ," ಎನ್ನುತ್ತಾರೆ ಜಯದೇವಿ. "ಆದ್ರೆ ಏನ್ ಕೆಲ್ಸ ಅಂತ ಯಾರಾದ್ರೂ ಕೇಳಿದ್ರೆ, ಉಕ್ಕು ಮಾಡ್ತೀನಿ ಅನ್ನೋರು. ಕುಲುಮೆ ಮುಂದೆ ನಿಂತೋನು ಕುಡಿಯೋ ನೀರು ಕೆಟ್ರೆ ಒಂದು ಶಿಫ್ಟೇ ಮಲಗ್ಬಿಡುತ್ತೆ, ಕುಲುಮೆ ಅಂತೂ ಆರಿಸೋ ಹಾಗಿಲ್ಲ, ಆಮೇಲೆ ಉಕ್ಕು ಎಲ್ಲಿಂದ ಬರುತ್ತೆ ಅನ್ನೋರು."

ಭಾನುವಾರ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದರು. ದೇವಸ್ಥಾನ, ಪಾರ್ಕು ತೋರಿಸುವ ಬದಲು ನೆಲದಡಿ ಏನಿದೆ ಎಂದು ತೋರಿಸುತ್ತಿದ್ದರು. ಈ ಬದಿಯಲ್ಲಿ ಕುಡಿಯುವ ನೀರು, ಆ ಬದಿಯಲ್ಲಿ ಕೊಳಚೆ. ಎರಡರ ನಡುವೆ ಒಬ್ಬ ಆಳು ಕೈಚಾಚಿ ಮಲಗಿದರೂ ಜಾಗ ಉಳಿಯಬೇಕು. "ಅದ್ನ ಯಾರೂ ದಾಟೋ ಹಾಗಿರ್ಲಿಲ್ಲ. ಸಾಹೇಬ್ರ ಬಂಗಲೆಗೂ ಅದೇ, ನಮ್ಮ ಎರಡು ಕೋಣೆ ಮನೆಗೂ ಅದೇ." ಪಿಯುಸಿ ಮುಗಿಸಿ, ನೀರು ಪರೀಕ್ಷೆಯ ತರಬೇತಿ ಪಡೆದು, ಅದೇ ಊರಿನ ಲ್ಯಾಬಿನಲ್ಲಿ ಏಳು ವರ್ಷ ಗುತ್ತಿಗೆ ಸಹಾಯಕಿಯಾಗಿ ದುಡಿದರು. ಆ ಊರು ಸ್ವರ್ಗವಾಗಿತ್ತು ಎಂದು ಜಯದೇವಿ ಹೇಳುವುದಿಲ್ಲ. ಸೆಕ್ಟರುಗಳ ಆಚೆ, ದಿನಗೂಲಿಗೆ ಬಂದವರ ಗುಡಿಸಲುಗಳ ಮುಂದೆ ಕೈಪಂಪಿನ ಸಾಲು ಎಷ್ಟುದ್ದವಿರುತ್ತಿತ್ತು ಎಂಬುದೂ ಅವರಿಗೆ ನೆನಪಿದೆ. ನಕ್ಷೆಯೊಳಗೆ ಇದ್ದವರಿಗೆ ನೀರು, ಹೊರಗಿದ್ದವರಿಗೆ ಅದೃಷ್ಟ.

ಮತ್ತು ನಕ್ಷೆಯೊಳಗಿದ್ದವರೂ ಒಂದು ದಿನ ಹೊರಬೀಳಲೇಬೇಕಿತ್ತು. ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುತ್ತದೆ. ತಂದೆ ನಿವೃತ್ತರಾದಾಗ ಕ್ವಾರ್ಟರ್ಸ್ ಒಪ್ಪಿಸಬೇಕಾಯಿತು. ಅವ್ವ ಮನೆಯನ್ನೆಲ್ಲ ತೊಳೆದು, ಹೊಸ್ತಿಲಿಗೆ ಅರಿಶಿನ ಹಚ್ಚಿ ಬೀಗ ಹಾಕಿದಳು. ಬಂದ ಗುಮಾಸ್ತ ಬೀಗ ತೆಗೆಸಿ, ಫ್ಯಾನೆಷ್ಟು, ನಲ್ಲಿಯೆಷ್ಟು ಎಂದು ಎಣಿಸಿ ರಸೀದಿ ಕೊಟ್ಟ. "ಮೂವತ್ತೇಳು ವರ್ಷ ಆ ಊರಿಗೆ ನೀರು ಕೊಟ್ಟ ಮನುಷ್ಯ, ಅವತ್ತು ಸ್ಟೇಷನ್‌ನಲ್ಲಿ ಬಾಟ್ಲಿ ನೀರು ಕೊಂಡು ಕುಡಿದ್ರು," ಎನ್ನುವಾಗ ಜಯದೇವಿಯ ದನಿ ಸ್ವಲ್ಪ ಗಡುಸಾಗುತ್ತದೆ. ಹಾಗೆ ಕುಟುಂಬ ಸೋದರಮಾವನಿದ್ದ ಬೆಂಗಳೂರಿಗೆ ಬಂತು. ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುವ ಕೊಟ್ರೇಶ್ ಜೊತೆ ಜಯದೇವಿಯ ಮದುವೆಯಾಯಿತು. ಮಗಳು ದೊಡ್ಡವಳಾಗಿ ಜ್ಞಾನಭಾರತಿಗೆ ಓದಲು ಹೋಗುವಂತಾದಳು. ನೀರಿನ ಮಾದರಿ ತೆಗೆಯುವ ಈ ಕೆಲಸಕ್ಕೆ ಅವರು ಸೇರಿ ಹನ್ನೆರಡು ವರ್ಷ ಕಳೆದಿತ್ತು.

ಕಳೆದ ಆಷಾಢದ ಒಂದು ಮಂಗಳವಾರ. ರಸ್ತೆ ಇದೇ. ಹೆಸರು ಬರೆಯಬೇಡಿ ಎಂದು ನಿವಾಸಿಗಳು ಕೇಳಿಕೊಂಡಿದ್ದಾರೆ. ನೀರು ಕೆಟ್ಟ ರಸ್ತೆ ಎಂದು ಗೊತ್ತಾದರೆ ಬಾಡಿಗೆಗೆ ಯಾರೂ ಬರುವುದಿಲ್ಲವಂತೆ! ಇಳಿಜಾರಿನ ರಸ್ತೆಗೆ ನೀರು ಮೇಲ್ಗಡೆಯಿಂದ ಬರುತ್ತದೆ. ಅಂದು ಜಯದೇವಿ ನಡುವಿನ ಒಂದು ಮನೆಯಲ್ಲಿ ಐದು ಹನಿ ಬಿಟ್ಟರು. ಬಣ್ಣ ಬರಲಿಲ್ಲ. ಇನ್ನೆರಡು ಹನಿ ಬಿಟ್ಟರು. ಬರಲಿಲ್ಲ. ಕೊಳವೆಯನ್ನು ಮೂಗಿಗೆ ಹಿಡಿದರು. ವಾಸನೆ ಬಂತು, ಯಾವುದರದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ರಸ್ತೆಗೆ ಒಂದು ಮನೆಯ ಮಾದರಿ ಸಾಕು ಎಂಬುದು ನಿಯಮ. ಅವರು ಅಂದು ರಸ್ತೆಯ ಅಷ್ಟೂ ಮನೆಗಳ ಗೇಟು ತಟ್ಟಿದರು. ಮೇಲಿನ ಎಂಟು ಮನೆಗಳಲ್ಲಿ ಒಳ್ಳೆಯ ಹಳದಿ. ಒಂಬತ್ತನೆಯದರಿಂದ ಕೆಳಗೆ ಕೊನೆಯವರೆಗೆ ಸೊನ್ನೆ. ಎಂಟನೆಯ ಮನೆಗೂ ಒಂಬತ್ತನೆಯದಕ್ಕೂ ನಡುವೆ ನೆಲದಡಿಯಲ್ಲಿ ಏನೋ ಆಗಿದೆ. ಒಂಬತ್ತನೆಯದು ಆಗಷ್ಟೇ ಎದ್ದ ನಾಲ್ಕು ಮಹಡಿಯ ಪಿ.ಜಿ. ಕಟ್ಟಡ. ಅದರ ಮುಂದೆ ರಸ್ತೆ ಅಗೆದು ಮುಚ್ಚಿದ ಗುರುತು ಇನ್ನೂ ಹಸಿಯಾಗಿತ್ತು.

ಸಂಸ್ಥೆಯ ಮೇಲ್ವಿಚಾರಕ ಮಧ್ವೇಶ್‌ಗೆ ಅಲ್ಲಿಂದಲೇ ಫೋನ್ ಮಾಡಿದರು.

"ಅಕ್ಕಾ, ಮೇಲಿನ ಮನೇಲಿ ಬರ್ತಿದೆಯಲ್ಲ, ಅಲ್ಲಿಂದ ತಗೊಳ್ಳಿ," ಎಂದ ಅವನು. "ಸೊನ್ನೆ ಹಾಕಿದ್ರೆ ಮೇಲಿಂದ ನೂರೆಂಟು ಪ್ರಶ್ನೆ. ಕಾಂಟ್ರಾಕ್ಟ್ ರಿನ್ಯೂವಲ್ ಟೈಮು ಬೇರೆ."

"ಕೆಳಗಡೆ ಮನೆಯೋರು ಮೇಲಿನ ಮನೆ ನೀರು ಕುಡಿಯಲ್ಲ ಮಧ್ವೇಶ್."

"ಅರ್ಥ ಮಾಡ್ಕೊಳ್ಳಿ ಅಕ್ಕ."

ಜಯದೇವಿ ಸೊನ್ನೆ ಬರೆದು, ಹಾಳೆಯನ್ನೂ, ಅಂದು ಲ್ಯಾಬಿಗೆ ತಾನೇ ಕಳಿಸುತ್ತೇನೆಂದು ಮಧ್ವೇಶ್ ಕೇಳಿದ ಪೆಟ್ಟಿಗೆಯನ್ನೂ ಸಂಸ್ಥೆಯಲ್ಲಿ ಕೊಟ್ಟು ಬಂದರು. ಆ ದಿನದ ಬಾಟಲಿಗಳು ಲ್ಯಾಬಿಗೆ ಹೋಗಲೇ ಇಲ್ಲ. ಐಸ್ ಕರಗಿ ಮಾದರಿ ಹಾಳಾಯಿತೆಂದು ಕಾರಣ ಬರೆಯಲಾಯಿತು. ಸಂಸ್ಥೆಯ ರಿಜಿಸ್ಟರಿಗೆ ಏರಿದ ಅಂಕಿ 0.2. ಕೆಳಗೆ "ಮಾದರಿ ತೆಗೆದವರು: ಜಯದೇವಿ" ಎಂದಿತ್ತು. ಸುಳ್ಳು ಬರೆದವನ ಕೈ ಒಂದು, ಹೆಸರು ಇನ್ನೊಬ್ಬರದು.

ಗುರುವಾರ ಮತ್ತೆ ನೀರು ಬಂತು. ಮತ್ತೆ ಸೊನ್ನೆ. ಅಷ್ಟರಲ್ಲಿ ವಿಮಲಮ್ಮನ ಮೊಮ್ಮಗ, ಆರು ವರ್ಷದ ಸಮರ್ಥ, ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದ್ದ. "ನಮ್ಮನೇಲಿ ಫಿಲ್ಟರ್ ಇದೆ ಕಣೇ, ನೀರಿಂದ ಆಗಿರೋಕೆ ಸಾಧ್ಯಾನೇ ಇಲ್ಲ," ಎಂದು ವಿಮಲಮ್ಮ ಅಂದೂ ವಾದಿಸಿದರು. "ಹಲ್ಲುಜ್ಜೋಕೆ ಯಾವ ನೀರಮ್ಮ?" ಎಂದು ಜಯದೇವಿ ಕೇಳಿದರು. ಮಹಡಿ ಮೇಲಿನ ಬಾಡಿಗೆಯವರಲ್ಲಿ ಫಿಲ್ಟರೂ ಇರಲಿಲ್ಲ. ಆ ವಾರ ಆ ಒಂದು ರಸ್ತೆಯಲ್ಲಿ ಹಾಸಿಗೆ ಹಿಡಿದವರು ಹದಿನಾಲ್ಕು ಮಂದಿ.

ಜಯದೇವಿ ಪಕ್ಕದ ಅಂಗಡಿಯಲ್ಲಿ ಸೀಮೆಸುಣ್ಣದ ಡಬ್ಬಿ ಕೊಂಡರು. ಒಂಬತ್ತನೆಯ ಮನೆಯಿಂದ ಕೆಳಗೆ, ಪ್ರತಿ ಗೇಟಿನ ಮುಂದೆ, ಸಂಪಿನ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: "ಈ ನೀರು ಬಾಯಿಗೆ ಹಾಕಬೇಡಿ. ಸಂಪು ಖಾಲಿ ಮಾಡಿ. – ಜಯದೇವಿ, ನೀರು ಪರೀಕ್ಷೆ." ಪಿ.ಜಿ. ಕಟ್ಟಡದ ಮಾಲೀಕ ನಂಜುಂಡಪ್ಪ ಓಡಿಬಂದು ಪಂಚೆ ಎತ್ತಿಕಟ್ಟಿದ.

"ಏನಮ್ಮಾ ಇದು? ಯಾರು ನಿಂಗೆ ಪರ್ಮಿಷನ್ ಕೊಟ್ಟೋರು? ನಮ್ಮ ರಸ್ತೆ ಮರ್ಯಾದೆ ಕಳೀತೀಯಾ?"

"ಮರ್ಯಾದೆ ಆಮೇಲೆ ಯಜಮಾನ್ರೇ. ನಿಮ್ಮ ಕಟ್ಟಡದಲ್ಲಿ ನಲವತ್ತು ಹುಡುಗೀರಿದಾರೆ. ಅವ್ರಿಗೆ ಹೇಳಿದೀರಾ?"

ಅವನು ಕಾಲಿನಿಂದ ಅಕ್ಷರ ಉಜ್ಜಿದ. ಅವರು ಮತ್ತೆ ಬರೆದರು. ಮೂರು ಸಲ ಹೀಗಾಯಿತೆಂದು ವಿಮಲಮ್ಮ ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜಯದೇವಿಯ ಫೋನಿಗೆ ಸಂಸ್ಥೆಯಿಂದ ಎರಡು ಸಾಲು ಬಂತು: ನಾಳೆಯಿಂದ ಬರುವುದು ಬೇಡ, ಕಿಟ್ ಮತ್ತು ಪೆಟ್ಟಿಗೆ ಒಪ್ಪಿಸಿ. ಹನ್ನೆರಡು ವರ್ಷ ಒಂದು ದಿನವೂ ತಡವಾಗಿ ಬಾರದವರನ್ನು ಮನೆಗೆ ಕಳಿಸಲು ಒಂದು ಪುಟವೂ ಬೇಕಾಗಲಿಲ್ಲ.

ಶುಕ್ರವಾರ ವಿಮಲಮ್ಮ ಬೀದಿಯ ಏಳು ಹೆಂಗಸರನ್ನು ಕಟ್ಟಿಕೊಂಡು, ಬಾಟಲಿಗಳಲ್ಲಿ ನಲ್ಲಿಯ ನೀರು ತುಂಬಿಸಿಕೊಂಡು ನೀರಿನ ಕಚೇರಿಗೆ ಹೋದರು. ಮೇಜಿನ ಹಿಂದಿದ್ದವರು ಬಾಟಲಿ ಮುಟ್ಟಲಿಲ್ಲ. ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡಿ ಮೇಡಂ, ಮಂಗಳವಾರ 0.2 ಇದೆ. ನೀರು ಸರಿಯಾಗೇ ಇದೆ. ಹೊರಗಡೆ ಪಾನಿಪುರಿ ಗೀನಿಪುರಿ ತಿಂದಿರ್ತಾರೆ."

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಆರು ವರ್ಷದ ಮಗು ಪಾನಿಪುರಿ ತಿಂದಿತ್ತಂತೆ. ಹದಿನಾಲ್ಕು ಜನ ಒಟ್ಟಿಗೆ ತಿಂದಿದ್ದರಂತೆ. ಒಂದು ಸುಳ್ಳು ಅಂಕಿ ಏನು ಮಾಡಬಲ್ಲದೆಂದು ಆ ಹೆಂಗಸರಿಗೆ ಅಂದು ಗೊತ್ತಾಯಿತು. ಭಿಲಾಯಿಯಲ್ಲಿ ನೀರು ಕೆಟ್ಟರೆ ಉಕ್ಕು ನಿಲ್ಲುತ್ತದೆಂಬ ಭಯವಾದರೂ ಇತ್ತು. ಇಲ್ಲಿ ನೀರು ಕೆಟ್ಟರೆ ನಿಲ್ಲುವುದೇನು? ಮಕ್ಕಳು ನಾಲ್ಕು ದಿನ ಶಾಲೆಗೆ ಹೋಗುವುದು ನಿಲ್ಲುತ್ತದೆ, ಮನೆಗೆಲಸದವಳ ಕೂಲಿ ನಿಲ್ಲುತ್ತದೆ. ಇವರ ಬಾಯಿ ಒಣಗಿದರೆ ಯಾವ ಕಾರ್ಖಾನೆಯೂ ತಣ್ಣಗಾಗುವುದಿಲ್ಲ.

ಹೆಂಗಸರು ಮೆಟ್ಟಿಲಿಳಿಯುವಾಗ ಹಿಂದಿನಿಂದ ಒಬ್ಬಳು ಬಂದಳು. ಆ ಕಚೇರಿಗೆ ಹೊಸದಾಗಿ ಬಂದಿದ್ದ ಎಂಜಿನಿಯರ್ ರಾಗಿಣಿ, ಒಳಗೆ ಅವರು ಸೀಮೆಸುಣ್ಣದ ಬರಹದ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದವಳು. ಅವಳು ಕೇಳಿದ್ದು ಇಷ್ಟೇ. "ಆಂಟಿ, ಆ ಸೀಮೆಸುಣ್ಣದಲ್ಲಿ ಬರೆದೋರು ಯಾರು? ಅವ್ರನ್ನ ಕರೆಸ್ತೀರಾ?"

ಶನಿವಾರ ಬೆಳಿಗ್ಗೆ ಜಯದೇವಿ ಬಂದರು. ಕೊಟ್ರೇಶ್ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದರು. "ನಾನೇನ್ ಮಾಡ್ಬೇಕಿತ್ತು? ಸುಮ್ನೆ ಪಕ್ಕದಲ್ಲಿ ನಿಂತಿದ್ದೆ. ಯಾರಾದ್ರೂ ಕೈ ಮಾಡಿದ್ರೆ ಅಂತ," ಎನ್ನುತ್ತಾರೆ ಅವರು ಈಗ. ಜಯದೇವಿಯ ಕೈಯಲ್ಲಿ ಕಿಟ್ ಇರಲಿಲ್ಲ. ಎಂಟನೆಯ ಮನೆಯ ಗೇಟಿನಿಂದ ಹೆಜ್ಜೆ ಎಣಿಸುತ್ತ ಬಂದು, ಪಿ.ಜಿ. ಕಟ್ಟಡದ ಮುಂದಿನ ತೇಪೆಯ ಮೇಲೆ ನಿಂತರು. "ಇಲ್ಲಿ ತೆಗೀರಿ." ಹೊಸ ಟಾರು ಹಾಳಾಗುತ್ತದೆ ಎಂದು ನಂಜುಂಡಪ್ಪ ಕೂಗಾಡಿದ. ರಾಗಿಣಿ ಹಾರೆ ಹಿಡಿದವರಿಗೆ ತಲೆಯಾಡಿಸಿದಳು.

ಮೂರಡಿ ಇಳಿಯುವಷ್ಟರಲ್ಲಿ ನಾತ ಹೊಡೆಯಿತು. ಕುಡಿಯುವ ನೀರಿನ ಪೈಪಿನ ಬೆನ್ನ ಮೇಲೆಯೇ ಕಟ್ಟಡದ ಕೊಳಚೆ ಪೈಪು ಮಲಗಿತ್ತು. ಅಗೆಯುವಾಗ ನೀರಿನ ಪೈಪು ಒಡೆದಿದೆ. ಒಡೆದ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಮಣ್ಣೆಳೆದು ಹೋಗಿದ್ದಾರೆ. ನೀರು ಬಿಟ್ಟ ದಿನ ಪೈಪಿನೊಳಗೆ ಒತ್ತಡವಿರುತ್ತದೆ, ನಿಲ್ಲಿಸಿದ ದಿನ ಖಾಲಿ ಪೈಪು ಸುತ್ತಲಿನ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ವಾಲ್ವ್ ತೆರೆದ ಕೂಡಲೇ ಅದು ಮನೆಮನೆಗೆ ಹೋಗುತ್ತದೆ. ಒಬ್ಬ ಆಳು ಕೈಚಾಚಿ ಮಲಗುವಷ್ಟು ಜಾಗವಿರಲಿ, ಎರಡರ ನಡುವೆ ಒಂದು ಬೆರಳು ತೂರಿಸುವಷ್ಟು ಜಾಗವೂ ಇರಲಿಲ್ಲ.

ಜಯದೇವಿ ಅಗೆದ ಮಣ್ಣಿನ ರಾಶಿಯ ಪಕ್ಕ ಕೂತು ಅತ್ತುಬಿಟ್ಟರು. "ಬೇಜಾರಾಗಿ ಅಳ್ಲಿಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳುತ್ತಾರೆ, ಈಗಲೂ ಅದೇ ಸಿಟ್ಟಿನಲ್ಲಿ. "ಒಂದು ಟ್ಯೂಬು! ಪಂಕ್ಚರ್ ಆದ ಟ್ಯೂಬು! ಅದನ್ನ ಸುತ್ತೋವಾಗ ಆ ಕೈಗೆ ಗೊತ್ತಿರ್ಲಿಲ್ವಾ, ಈ ನೀರನ್ನ ಯಾರೋ ಮಗೂಗೆ ಕುಡಿಸ್ತಾರೆ ಅಂತ?"

ಪೈಪು ಒಂದೇ ದಿನದಲ್ಲಿ ದುರಸ್ತಿಯಾಯಿತು. ಸಮರ್ಥ ಒಂಬತ್ತು ದಿನದ ಮೇಲೆ ಮನೆಗೆ ಬಂದ. ಎಲ್ಲರೂ ಚೇತರಿಸಿಕೊಂಡರು. ಆಮೇಲಿನದು ಹೇಳಲು ನಾಚಿಕೆಯಾಗುವಂಥದ್ದು. ಅಧಿಕಾರಿಗಳ ಸಮಯಪ್ರಜ್ಞೆಯಿಂದ ಭಾರೀ ಅನಾಹುತ ತಪ್ಪಿತು ಎಂದು ಪ್ರಕಟಣೆ ಹೊರಬಿತ್ತು. ನವೆಂಬರ್‌ನ ಸಮಾರಂಭದಲ್ಲಿ ಸ್ಫಟಿಕ ಸರ್ವಿಸಸ್‌ಗೆ ಉತ್ತಮ ಸೇವೆಯ ಪ್ರಶಸ್ತಿಪತ್ರ ಬಂತು. ಮಧ್ವೇಶ್ ವೇದಿಕೆ ಹತ್ತಿ ತೆಗೆದುಕೊಂಡ. ನಂಜುಂಡಪ್ಪನಿಗೆ ನೋಟಿಸ್ ಹೋಗಿದೆ. ಅವನ ಕಟ್ಟಡದ ಮೇಲೆ ಈಗ ಐದನೆಯ ಮಹಡಿ ಏಳುತ್ತಿದೆ.

ಜಯದೇವಿ ಎರಡೂವರೆ ತಿಂಗಳು ಮನೆಯಲ್ಲಿ ಕೂತಿದ್ದರು. ಅವರ ಜಾಗಕ್ಕೆ ಬಂದವನು ಟೀ ಅಂಗಡಿಯಲ್ಲಿ ಕೂತು ಇಪ್ಪತ್ತೆರಡು ಮನೆಗೂ ಒಂದೇ ಅಂಕಿ ತುಂಬಿಸಿ ಸಿಕ್ಕಿಬಿದ್ದ. ರಾಗಿಣಿ ಪಟ್ಟುಹಿಡಿದು ಪತ್ರ ಬರೆದಳು. "ಅಕ್ಕಾ, ಆಗಿದ್ದು ಆಯ್ತು, ಬಂದ್ಬಿಡಿ," ಎಂದು ಮಧ್ವೇಶ್‌ನದೇ ಫೋನ್ ಬಂತು. ಕೊರಳಿಗೆ ಹೊಸ ಗುರುತಿನ ಚೀಟಿ ಕೊಟ್ಟರು. ಅದರ ಪ್ರಕಾರ ಜಯದೇವಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಹಿಂದಿನ ಹನ್ನೆರಡು ವರ್ಷ ಯಾವ ಕಾಗದದಲ್ಲೂ ಇಲ್ಲ.

ಹಾಗಾದರೆ ಯಾಕೆ ವಾಪಸ್ ಹೋದಿರಿ? ಈ ಪ್ರಶ್ನೆಗೆ ಅವರು ಪೆಟ್ಟಿಗೆಯ ಪಟ್ಟಿ ಸರಿಮಾಡಿಕೊಳ್ಳುತ್ತ, "ನಾನ್ ಹೋಗ್ದಿದ್ರೆ ಯಾರು ನೋಡ್ತಾರೆ? ಮತ್ತೆ ಅದೇ ಟೀ ಅಂಗಡಿಯೋನು," ಎನ್ನುತ್ತಾರೆ. ರಸ್ತೆಯವರು ಸೇರಿ ಅವರಿಗೊಂದು ಶಾಲು ಹೊದಿಸಬೇಕೆಂದಿದ್ದರು. ವಿಮಲಮ್ಮ ಎರಡು ಸಲ ಕರೆದರು. ಬೆಳಗಿನ ಹೊತ್ತು ಬಿಡುವಿಲ್ಲ ಎಂದು ಜಯದೇವಿ ಜಾರಿಕೊಂಡರು.

ಹತ್ತು ಗಂಟೆ ದಾಟಿದೆ. ಇಪ್ಪತ್ತೆರಡನೆಯ ಬಾಟಲಿ ಪೆಟ್ಟಿಗೆ ಸೇರಿದೆ. ವಿಜಯನಗರದ ಬಸ್ ನಿಲ್ದಾಣದಲ್ಲಿ ಲ್ಯಾಬಿನ ಕಡೆ ಹೋಗುವ ಬಸ್ಸಿಗೆ ಕಾಯುತ್ತಿರುವಾಗ, ಬೇರೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಪೆಟ್ಟಿಗೆಯ ಮುಚ್ಚಳ ಬಿಗಿಮಾಡಿಕೊಳ್ಳುತ್ತಾರೆ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಹೇಳುತ್ತಾರೆ:

"ಆ ಮಂಗಳವಾರದ ರಿಜಿಸ್ಟರ್ ಒಂದ್ಸಲ ನನ್ ಕೈಗೆ ಕೊಡ್ಬೇಕು. ನನ್ ಹೆಸರಿನ ಮೇಲೆ ಇನ್ನೂ 0.2 ಅಂತಾನೇ ಇದೆ. ಅದನ್ನ ಹೊಡೆದು ಹಾಕಿ, ಪಕ್ಕದಲ್ಲಿ ಸೊನ್ನೆ ಬರೆದು ಸೈನ್ ಮಾಡ್ತೀನಿ. ಅಷ್ಟೇ. ಅವತ್ತು ನಾನು ಕಂಡಿದ್ದು ಸೊನ್ನೆ."